ಹದಿನೇಳು ಸಾವಿರ ಹೆಜ್ಜೆಗಳ ಸೀರೆ

“ಕಾಕಾ, ನೋವು ಬರೋಕಿಂತ ಮೊದಲ ನಿಮ್ಮ ಎಡಗಾಲು ಹೆಂಗ ನಡೀತಿತ್ತು?”

ಹುಬ್ಬಳ್ಳಿಯ ನರ ಪ್ರಯೋಗಾಲಯದಲ್ಲಿ ಡಾಕ್ಟರ್ ನಸ್ರೀನ್ ಹೀಗೆ ಕೇಳಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಕಾಲು ನೆಟ್ಟಗಿದ್ದಾಗ ಅದು ಹೇಗೆ ನಡೆಯುತ್ತದೆ ಅಂತ ಯಾರು ನೋಡುತ್ತ ಕೂಡುತ್ತಾರೆ?

“ಬಲಗಾಲಿನ ಜೋಡಿ ನಡೀತಿತ್ತವ್ವಾ,” ಅಂದೆ.

ಪಕ್ಕದಲ್ಲಿದ್ದ ಮಗಳು ಗಂಗಾ ನನ್ನ ಮೊಣಕೈ ಹಿಂಡಿದಳು. “ಅಪ್ಪಾ, ನೆಟ್ಟಗ ಹೇಳು. ಬಸ್ಸಿನ್ಯಾಗ ಅಷ್ಟು ದೂರ ನಿಂತಕೊಂಡ ಬಂದದ್ದು ಕೊಂಕು ಮಾತಾಡಾಕೇನು?”

ನಿಂತುಕೊಂಡು ಬಂದದ್ದು ನಿಜ. ಸೀಟು ಇರಲಿಲ್ಲ ಅಂತಲ್ಲ. ಕೂತರೆ ಕಾಲು ಉರಿಯುತ್ತಿತ್ತು.

ನಾನು ಮುರಿಗೆಪ್ಪ, ಇಳಕಲ್ಲಿನ ನೇಕಾರ. ಹದಿನಾರನೇ ವಯಸ್ಸಿಗೆ ಕುಣಿ ಮಗ್ಗಕ್ಕೆ ಇಳಿದವನು ಐವತ್ತಾರಕ್ಕೆ ಎದ್ದೆ. ಎದ್ದೆ ಅನ್ನುವುದಕ್ಕಿಂತ ನಾಲ್ಕು ಜನ ಸೇರಿ ಎತ್ತಿದರು ಅನ್ನಬೇಕು. ಕುಣಿ ಮಗ್ಗ ಕಾಣದವರಿಗೆ ಹೇಳಿಬಿಡುತ್ತೇನೆ. ನೆಲದಲ್ಲಿ ಒಂದು ತಗ್ಗು. ಅದರ ಅಂಚಿಗೆ ನೇಕಾರ ಕೂತು ಕಾಲು ಒಳಗೆ ಇಳಿಬಿಡುತ್ತಾನೆ. ಒಳಗೆ ಕಾಲಿಗೊಂದರಂತೆ ಎರಡು ಹಲಗೆ. ಎಡಗಾಲು ಒತ್ತಿದರೆ ಹಾಸಿನ, ಅಂದರೆ ಉದ್ದಕ್ಕೆ ಬಿಗಿದ ನೂಲಿನ, ಅರ್ಧ ಎಳೆಗಳು ಏಳುತ್ತವೆ, ಲಾಳಿ ಅತ್ತ ಹೋಗುತ್ತದೆ. ಬಲಗಾಲು ಒತ್ತಿದರೆ ಉಳಿದರ್ಧ ಏಳುತ್ತವೆ, ಲಾಳಿ ಇತ್ತ ಬರುತ್ತದೆ. ಒಂದು ಒತ್ತಿಗೆ ಒಂದು ಹೊಕ್ಕು, ಅಂದರೆ ಒಂದು ಅಡ್ಡ ಎಳೆ. ಇಷ್ಟೇ ನಮ್ಮ ವಿದ್ಯೆ, ಉಳಿದದ್ದೆಲ್ಲ ಸಹನೆ.

ಆರು ವರ್ಷದ ಹಿಂದೆ ಹಾಸು ಸುತ್ತಿದ ದಿಂಡನ್ನು ಒಬ್ಬನೇ ಎತ್ತಲು ಹೋದೆ. ಮಗಳು ಬರುವ ತನಕ ತಡೆಯಬಹುದಿತ್ತು, ತಡೆಯಲಿಲ್ಲ. ಸೊಂಟದಲ್ಲಿ ಚಳಕ್ ಅಂತು. ಮರುದಿನ ಸೊಂಟದ ಕೆಳಗಿನ ಎಡ ಚಪ್ಪೆಯಿಂದ ಹಿಮ್ಮಡಿ ತನಕ ಕಾದ ತಂತಿ ಎಳೆದ ಹಾಗೆ ಸೆಳೆತ ಶುರುವಾಯಿತು. ಬೆನ್ನಿನ ಮಣಿಗಳ ನಡುವೆ ಮೆತ್ತನೆಯ ಗಾದಿಯಂಥದ್ದು ಇರುತ್ತದಂತೆ, ಡಿಸ್ಕ್. ಅದು ಸರಿದು ಕಾಲಿಗೆ ಇಳಿಯುವ ನರದ ಬುಡವನ್ನು ಒತ್ತಿತ್ತು. ಗಾಯ ಬೆನ್ನಿನಲ್ಲಿ, ಬೊಬ್ಬೆ ಕಾಲಿನಲ್ಲಿ. ಕೆಮ್ಮಿದರೆ ಸೆಳೆತ, ಸೀನಿದರೆ ಸೆಳೆತ, ಚಪ್ಪಲಿ ಹಾಕಲು ಬಗ್ಗಿದರೆ ದೇವರೇ ಗತಿ.

ಬಿಸಿ ಉಸುಕಿನ ಗಂಟು ಕಟ್ಟಿದರು, ಎಕ್ಕೆ ಎಲೆ ಕಾಸಿ ಇಟ್ಟರು, ಒಬ್ಬ ತಿಕ್ಕುವವನ ಕೈಗೆ ಸಿಕ್ಕು ಇದ್ದ ನೋವು ಎರಡರಷ್ಟಾಯಿತು. ಕೊನೆಗೆ ತಾಲ್ಲೂಕು ಆಸ್ಪತ್ರೆಯ ವ್ಯಾಯಾಮದ ಅಕ್ಕ ನನ್ನನ್ನು ಹಾದಿಗೆ ತಂದಳು. ಬೋರಲು ಮಲಗಿ ಎದೆ ಎತ್ತು, ಮೊಣಕಾಲ ಕೆಳಗೆ ದಿಂಬಿಟ್ಟು ಮಲಗು, ಹಾಸಿಗೆ ಹಿಡಿಯಬೇಡ, ದಿನಾ ಸ್ವಲ್ಪ ಸ್ವಲ್ಪ ನಡೆ, ಇಪ್ಪತ್ತು ನಿಮಿಷದ ಮೇಲೆ ಒಂದೇ ಕಡೆ ಕೂಡಬೇಡ. ಅವಳ ಮಾತು ಕೇಳಿ ಹಿತವಾಯಿತು, ಸುಳ್ಳು ಹೇಳಬಾರದು. ತೆವಳುತ್ತಿದ್ದವನು ಕೋಲು ಹಿಡಿದು ನೀರಿನ ಟಾಕಿ ತನಕ ಹೋಗಿ ಬರುವಷ್ಟಾದೆ. ಆದರೆ ಅಲ್ಲಿಗೆ ನಿಂತಿತು. ಐದು ವರ್ಷ ಟಾಕಿ ದಾಟಲಿಲ್ಲ. ಮಗ್ಗದ ಮೇಲೆ ಹಳೆಯ ಧೋತರ ಹೊದಿಸಿದ್ದೆವು. ನನಗೆ ಬೇಕಾದದ್ದು ಒಂದೇ, ಸಾಯುವುದರೊಳಗೆ ಇನ್ನೊಮ್ಮೆ ಕುಣಿಯಲ್ಲಿ ಕಾಲಿಟ್ಟು ಮಗ್ಗ ಆಡಿಸುವುದು.

ನಸ್ರೀನ್ ಡಾಕ್ಟರು ಮೇಜಿನ ಮೇಲೆ ಒಂದು ಪಟ್ಟಿ ಇಟ್ಟರು. ಅಂಗೈ ಅಗಲ, ಬೆಲ್ಲದ ಬಣ್ಣ.

“ಇದನ್ನ ಸೊಂಟಕ್ಕ ಕಟ್ಟೋದು. ಇದರಿಂದ ಕೂದಲಕಿಂತ ಸಣ್ಣ ನಾಲ್ಕು ತಂತಿ ನರದ ಬುಡದ ಸನೇಕ ಹೋಗ್ತಾವ. ನಿಮ್ಮ ಡಿಸ್ಕ್ ಈಗ ಅರ್ಧ ಒಣಗೇದ ಕಾಕಾ, ಮೊದಲಿನಷ್ಟು ಒತ್ತಂಗಿಲ್ಲ. ಆದ್ರ ಕಾಲಿಗೆ ಅಂಜಿಕಿ ಕುಂತದ. ಹೆಜ್ಜಿ ಎತ್ತೋಕಿಂತ ಮೊದಲ ಸ್ನಾಯು ಬಿಗಿ ಹಿಡೀತಾವ, ಆ ಬಿಗಿತ ಮತ್ತ ನರಾ ಜಗ್ಗತದ, ಮತ್ತ ನೋವು. ಯಾವ ಹೊತ್ತಿಗೆ ಬಿಗಿ ಹಿಡೀಬೇಕು, ಯಾವ ಹೊತ್ತಿಗೆ ಸಡಿಲ ಬಿಡಬೇಕು ಅನ್ನೋ ತಾಳ ಐತಲ್ಲ, ಅದನ್ನ ಈ ಪಟ್ಟಿ ನರಕ್ಕ ನೆನಪು ಮಾಡಿಕೊಡತದ.”

“ಮಾಡಿಕೊಡ್ಲಿ. ಯಾರು ಬ್ಯಾಡ ಅಂದ್ರು?”

“ತಾಳ ನಿಮ್ಮದ ಆಗಬೇಕು. ಈಗಿನ ಹುಡುಗರಿಗೆ ಚಿಂತಿಲ್ಲ, ಅವರ ಚಪ್ಪಲಿನೇ ದಿನದ ಹೆಜ್ಜಿ ಎಲ್ಲಾ ಬರದಿಡತಾವ. ನಿಮ್ಮ ವಾರಿಗಿಯವರದು ಎಲ್ಲಿಂದ ತರೋದು?”

“ಮತ್ತೊಬ್ಬರ ತಾಳ ಹಾಕಿದ್ರ?” ಗಂಗಾ ಕೇಳಿದಳು.

“ನೋವು ಹೋಗತದ. ಸ್ವಲ್ಪ ದಿನ ಮಜಾ ಅನಸ್ತದ. ಆಮ್ಯಾಲ ಸೊಂಟ ತಕರಾರು ತೆಗೀತದ. ಒಬ್ಬರ ಅಂಗಿ ಒಬ್ಬರಿಗೆ ಬಂದೀತು, ನಡಿಗಿ ಬರಂಗಿಲ್ಲ.”

ಹಳೆಯ ವಿಡಿಯೋ ಏನಾದರೂ ಇದ್ದರೆ ತನ್ನಿ ಅಂತ ಹೇಳಿ ಕಳಿಸಿದರು.

ಮನೆಗೆ ಬಂದು ಗಂಗಾ ಕಪಾಟು ತಲೆಕೆಳಗು ಮಾಡಿದಳು. ಸಿಕ್ಕದ್ದು ಒಂದೇ, ನನ್ನ ಮದುವೆಯದು. ಅದರಲ್ಲಿ ನಾನು ಮೊದಲಿನಿಂದ ಕೊನೆ ತನಕ ಕೂತೇ ಇದ್ದೇನೆ. ಹೆಸರು ಹೇಳಿಸುವ ಹೊತ್ತಿಗೆ ಹೆಂಗಸರೆಲ್ಲ ಮುತ್ತಿಕೊಂಡು, ಹೆಂಡತಿ ಹೆಸರು ಹೇಳಿದರೇ ಬಾಗಿಲು ಬಿಡುವುದು ಅಂತ ಗದ್ದಲ ಹಾಕುತ್ತಾರೆ. ನಾನು ನೆಲ ನೋಡುತ್ತ ತುಟಿ ಅಲುಗಿಸುತ್ತೇನೆ. ಗದ್ದಲದಲ್ಲಿ ಏನೂ ಕೇಳಿಸುವುದಿಲ್ಲ. ನಮ್ಮಾಕಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಾಳೆ. ನಾನು ಆಕೆಯ ಹೆಸರು ಹಿಡಿದದ್ದು ಅದೇ ಮೊದಲು, ಅದೇ ಕೊನೆ. ನಮ್ಮ ಓಣಿಯಲ್ಲಿ ಗಂಡ ಹೆಂಡತಿ ಹೆಸರಿನಿಂದ ಕರೆದುಕೊಳ್ಳುತ್ತಿರಲಿಲ್ಲ. ‘ಏ ಇಕೀ’ ಅಂದರೆ ಆಯಿತು, ಬರುತ್ತಿದ್ದಳು. ಆಕೆ ಹೋಗಿ ಒಂಬತ್ತು ವರ್ಷವಾಯಿತು.

ಪರದೆ ಮೇಲೆ ಆ ನಗು ನೋಡಿ ನನಗೆ ಸಂಕಟವಾಯಿತು, ಎದ್ದು ಮಗ್ಗದ ಕೋಣೆಗೆ ಹೋದೆ. ಧೋತರ ಸರಿಸಿದೆ. ಗಂಜಿಯ ವಾಸನೆ ಇನ್ನೂ ಇತ್ತು. ಒಂದು ಕಾಲಕ್ಕೆ ಈ ಓಣಿಯಲ್ಲಿ ನಲವತ್ತು ಮಗ್ಗ. ಬೆಳಿಗ್ಗೆ ಓಣಿಯ ಉದ್ದಕ್ಕೂ ಹಾಸು ಎಳೆದು ಗಂಜಿ ಕೊಡುತ್ತಿದ್ದರೆ ಬಣ್ಣದ ಎಳೆಗಳ ಕೆಳಗೆ ಬಗ್ಗಿ ನುಸುಳಿಯೇ ಶಾಲೆಗೆ ಹೋಗಬೇಕಿತ್ತು ಗಂಗಾ. ನಲವತ್ತು ಮಗ್ಗದ ಸಪ್ಪಳದಲ್ಲಿ ಯಾರದು ಯಾವುದು ಅಂತ ಎಲ್ಲರಿಗೂ ಗೊತ್ತು. ಈರಣ್ಣನ ಮಗ್ಗ ನಿಂತಿತು, ಚಹಾಕ್ಕೆ ಹೋದ ಅನ್ನುತ್ತಿದ್ದೆವು. ಈಗ ಉಳಿದದ್ದು ಆರು, ಅವೂ ವಿದ್ಯುತ್ತಿನವು. ಅವುಗಳ ಸಪ್ಪಳಕ್ಕೆ ಮಾಲೀಕರಿಲ್ಲ.

ಯಾರ ಕಾಲಿನ ಸಪ್ಪಳ ಯಾರದು ಅಂತ ಗೊತ್ತಾಗುತ್ತಿದ್ದರೆ, ಅಂದುಕೊಂಡೆ, ಆ ಸಪ್ಪಳದಲ್ಲಿ ಹುಟ್ಟಿದ ಬಟ್ಟೆಯಲ್ಲೂ ಅದು ಇರಬೇಕಲ್ಲ?

ಡಾಕ್ಟರಿಗೆ ಫೋನು ಹಚ್ಚಿದೆ. “ನಸ್ರೀನವ್ವಾ, ನನ್ನ ಕಾಲು ಸೀರಿಯೊಳಗ ಐತಿ.”

“ಏನಂದ್ರಿ ಕಾಕಾ?” ಅಂದರು. ಮುದುಕನಿಗೆ ತಲೆ ಕೆಟ್ಟಿತು ಅಂದುಕೊಂಡಿರಬೇಕು. ಬಿಡಿಸಿ ಹೇಳಿದೆ. ಎಂಟು ಗಜದ ಸೀರೆ, ಇಂಚಿಗೆ ಅರವತ್ತು ಹೊಕ್ಕು, ಒಟ್ಟು ಹದಿನೇಳು ಸಾವಿರದ ಮೇಲೆ. ಒಂದು ಬಿಟ್ಟು ಒಂದು ಎಡಗಾಲಿನದು. ಕಾಲು ಎಷ್ಟು ಹೊತ್ತು ಒತ್ತಿತು, ಎಷ್ಟು ಬೇಗ ಬಿಟ್ಟಿತು, ಅದರ ಮೇಲೆ ಎಳೆ ಸಡಿಲ ಬೀಳುತ್ತದೆ, ಬಿಗಿ ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನಿಮ್ಮ ಯಂತ್ರಕ್ಕೆ ಕಾಣಬಹುದು.

ಎರಡು ದಿನ ಬಿಟ್ಟು ಅವರೇ ಫೋನು ಮಾಡಿದರು. “ಕಾಕಾ, ನಿಮ್ಮ ತಲಿ ಭಾಳ ಚಲೋ ಐತಿ. ಯಾವ ಸೀರಿ ತರತೀರಿ?”

ಯಾವ ಸೀರೆ ಅಂತ ಕೇಳಬೇಕೆ! ನಮ್ಮ ನೇಕಾರರ ಸಂಘದ ಗಾಜಿನ ಕಪಾಟಿನಲ್ಲಿ ಮೂವತ್ತೊಂದು ವರ್ಷದಿಂದ ಒಂದು ಸೀರೆ ಇದೆ. ದಾಳಿಂಬೆ ಬಣ್ಣದ ಒಡಲು, ಕೆಂಪು ರೇಷ್ಮೆ ಸೆರಗು. ಆ ವರ್ಷ ರಾಜ್ಯಕ್ಕೇ ಮೊದಲನೇ ಬಹುಮಾನ ಬಂದಿತ್ತು. ಕೆಳಗೆ ಚೀಟಿ: ‘ನೆಯ್ದವರು, ಮುರಿಗೆಪ್ಪ’. ನನ್ನ ಎದೆಯುಬ್ಬಿಸಲು ಈ ಲೋಕದಲ್ಲಿ ಇರುವುದು ಅದೊಂದೇ. ಕಾರ್ಯದರ್ಶಿಯ ಬೆನ್ನು ಹತ್ತಿ, ಅರ್ಜಿ ಬರೆದುಕೊಟ್ಟು, ಅದನ್ನು ಬಿಡಿಸಿಕೊಂಡು ಹುಬ್ಬಳ್ಳಿಗೆ ಒಯ್ದೆ.

ಪ್ರಯೋಗಾಲಯದಲ್ಲಿ ಸೀರೆಯನ್ನು ಗಾಜಿನ ಮೇಲೆ ಹಾಸಿ ಮೊಳ ಮೊಳವಾಗಿ ಚಿತ್ರ ತೆಗೆದರು. ಪರದೆ ಮೇಲೆ ಒಂದೊಂದು ಎಳೆ ಹಗ್ಗದಷ್ಟು ದಪ್ಪ ಕಾಣುತ್ತಿತ್ತು. ಎಣಿಕೆಯೆಲ್ಲ ಮುಗಿಯಲು ಎರಡು ವಾರ ಹಿಡಿಯಿತು. ಆಮೇಲೆ ನನ್ನನ್ನು ಕರೆಸಿ, ಸೊಂಟದೊಳಗೆ ತಂತಿ ಕೂಡಿಸಿ, ಮರುದಿನ ಬೆಳಿಗ್ಗೆ ಪಟ್ಟಿ ಕಟ್ಟಿದರು.

“ಏಳ್ರಿ ಕಾಕಾ.”

ಎದ್ದೆ. ಎಡಗಾಲು ಮುಂದಿಟ್ಟೆ. ಸೆಳೆತ ಬರುತ್ತದೆ ಅಂತ ಹಲ್ಲು ಕಚ್ಚಿ ನಿಂತೆ. ಬರಲಿಲ್ಲ. ಇನ್ನೊಂದು ಹೆಜ್ಜೆ. ಇಲ್ಲ. ಆರು ವರ್ಷದಿಂದ ಬೆನ್ನಿಗೆ ಬಿದ್ದಿದ್ದ ಪೀಡೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಆ ಉದ್ದನೆಯ ಓಣಿಯಂಥ ವರಾಂಡದಲ್ಲಿ ಅತ್ತ ಇತ್ತ ನಾಲ್ಕು ಸಲ ನಡೆದೆ. ಕೋಲು ಗಂಗಾನ ಕೈಗೆ ಕೊಟ್ಟುಬಿಟ್ಟೆ. ಅವಳು ಅಳುತ್ತಿದ್ದಳು. ನಾನೂ ಅತ್ತೆ, ನಾಚಿಕೆ ಯಾತರದು?

ನಸ್ರೀನ್ ಮಾತ್ರ ನನ್ನ ಪಾದವನ್ನೇ ನೋಡುತ್ತಿದ್ದರು. “ಹೆಜ್ಜಿ ಸ್ವಲ್ಪ ಸಣ್ಣವು ಬೀಳಾಕತ್ತಾವಲ್ಲ ಕಾಕಾ? ತುದಿಗಾಲ ಮ್ಯಾಲ ಭಾರ ಹಾಕಾಕತ್ತೀರಿ.”

“ಆರು ವರ್ಷ ಕುಂಟಿದ ಕಾಲವ್ವಾ, ಒಮ್ಮಿಗೇ ಉದ್ದ ಬೀಳತಾವೇನು?”

“ಹದಿನೈದು ದಿನ ನೋಡೂಣು. ಪಟ್ಟಿ ಐತಿ ಅಂತ ಭಾರಾ ಎತ್ತಬ್ಯಾಡ್ರಿ. ಇಪ್ಪತ್ತು ನಿಮಿಷಕ್ಕೊಮ್ಮಿ ಏಳಬೇಕು.”

ಊರಿಗೆ ಬಂದವನು ಮೊದಲು ಮಾಡಿದ ಕೆಲಸ ಮಗ್ಗ ಒರೆಸಿದ್ದು. ಗಂಗಾ ಮತ್ತು ಅವಳ ಗಂಡ ಹಾಸು ಹೂಡಿಕೊಟ್ಟರು. ಒಂದು ಬೆಳಿಗ್ಗೆ ಕುಣಿಗೆ ಕಾಲಿಳಿಬಿಟ್ಟೆ. ಲಾಳಿ ಅತ್ತ, ಲಾಳಿ ಇತ್ತ. ಕೈಗಿಂತ ಮೊದಲು ಕಾಲೇ ಹಾದಿ ಹಿಡಿಯಿತು. ಟಕ್ ಟಕ್, ಒಂದು ಸಣ್ಣ ಬಿಡುವು, ಟಕ್ ಟಕ್. ಚುರುಕಾಗಿ ಹೋಗುತ್ತಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಇಷ್ಟು ಚುರುಕು ನಾನು ಯಾವತ್ತೂ ಇದ್ದವನೇ ಅಲ್ಲ ಅನ್ನುವುದು ತಲೆಗೇ ಹೋಗಲಿಲ್ಲ.

ಬಾಗಿಲಲ್ಲಿ ಯಾರೋ ನಿಂತ ಹಾಗಾಯಿತು. ಗೋಡೆಯ ಆ ಕಡೆ ಮನೆಯ ರಾಮಕ್ಕ. ಎಂಬತ್ತರ ಹತ್ತಿರದವಳು, ಕಣ್ಣು ಮಂಜು. ನಮ್ಮಾಕಿಗೆ ಅಕ್ಕನಂಥವಳು. ಗೋಡೆ ಹಿಡಿದುಕೊಂಡು ಕಿವಿಗೊಟ್ಟು ನಿಂತಿದ್ದಳು.

“ಯಾರು ಕುಂತೀರಿ ಮಗ್ಗದಾಗ?”

“ನಾನಕ್ಕಾ, ಮುರಿಗೆಪ್ಪ. ಬಾ ಕುಂಡ್ರು.”

“ಅಲ್ಲ,” ಅಂದಳು. “ಇದು ನಿನ್ನ ಸಪ್ಪಳಲ್ಲ. ಇದು ಆಕೀದು.”

ನಾನು ನಕ್ಕೆ. ಆಕೆ ನಗಲಿಲ್ಲ. ಕಟ್ಟೆಗೆ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. “ನಲವತ್ತು ವರ್ಷ ಗ್ವಾಡಿ ಆಕಡಿ ಕುಂತ ಕೇಳೇನೋ. ನಿಂದು ಧಡ್, ಧಡ್. ಆಕೀದು ಎರಡ ಸಲ ಟಕ್ ಟಕ್, ಆಮ್ಯಾಲ ಉಸರ ತಗೊಳ್ಳಾಕ ಒಂದೀಟ ನಿಲ್ಲತಿದ್ದಳು. ನನಗ ಕಣ್ಣು ಕಾಣಂಗಿಲ್ಲ, ಕಿವಿ ಅದಾವು.”

ಸೀರೆಯ ವಿಷಯ ಹೇಳಿದೆ. ಬಹುಮಾನದ ಸೀರೆ, ನಾನೇ ನೆಯ್ದದ್ದು, ಅದರಿಂದ ತಾಳ ತೆಗೆದಿದ್ದಾರೆ.

“ನೀ ನೆಯ್ದದ್ದು?” ರಾಮಕ್ಕನ ದನಿ ಏರಿತು. “ಆ ವರ್ಷ ಬೆಳಗಾವಿಯೊಳಗ ನೇಕಾರರ ಧರಣಿ ಇತ್ತಲ್ಲ, ಹದಿನಾರು ದಿನಾ ಅಲ್ಲೆ ಕುಂತಿದ್ದೆಲ್ಲೋ ಮಾರಾಯಾ. ಸೀರಿ ಏನು ತಾನ ನಡಕೋಂತ ಮುಂದ ಹೋಯ್ತೇನು?”

“ಸೆರಗು ನಾನ ಹಾಕೇನಿ!” ನಾನೂ ರೇಗಿದೆ. “ಕೊಂಡಿ ಕೂಡಿಸಿದವ ನಾನು.”

“ಹೌದಪ್ಪಾ, ಸೆರಗು ನಿಂದು. ನಡುವಿನ ಆರೂವರಿ ಗಜ?”

ಇಲ್ಲಿ ಒಂದು ಮಾತು ಹೇಳಬೇಕು, ನನ್ನ ಪರವಾಗಿ ಅಂತಲ್ಲ, ಇದ್ದದ್ದು ಇದ್ದ ಹಾಗೆ. ನಮ್ಮ ಕಸುಬಿನಲ್ಲಿ ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದೇ ದೊಡ್ಡ ಕೆಲಸ. ಸೆರಗು ಯಾರು ಹಾಕಿದರೋ ಸೀರೆ ಅವರದು ಅಂತಲೇ ನಾವೆಲ್ಲ ತಿಳಿದಿದ್ದೆವು. ಒಡಲು ಅಂದರೆ ಬರೀ ಕಾಲಾಡಿಸುವುದು. ಮನೆಯ ಹೆಂಗಸರು ರೊಟ್ಟಿ ಬಡಿದು, ಲಾಳಿಗೆ ನೂಲಿನ ಕಂಡಿಕೆ ಸುತ್ತಿ, ಹೊತ್ತು ಸಿಕ್ಕಾಗ ಕೂತು ನೆಯ್ದದ್ದು ನೆಯ್ಗೆಯ ಎಣಿಕೆಗೇ ಬರುತ್ತಿರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಮೂವತ್ತೊಂದು ವರ್ಷ ಅದು ನನ್ನದೇ ಅಂತ ನಂಬಿದ್ದೆ. ನಂಬಿದ್ದು ಸುಳ್ಳಿಗಿಂತ ಹೊಲಸು ಅಂತ ಆ ಬೆಳಿಗ್ಗೆ ಅನ್ನಿಸಿತು.

ಮರುದಿನವೇ ಹುಬ್ಬಳ್ಳಿಗೆ ಹೋದೆ. ಈ ಸಲ ಬಸ್ಸಿನಲ್ಲಿ ಕೂತೇ ಹೋದೆ. ಆದರೆ ಇಳಿಯುವಾಗ ಬಲ ಚಪ್ಪೆಯಲ್ಲಿ ಹೊಸದೊಂದು ಹಿಡಿತ ಕಂಡಿತು.

“ಸೀರಿ ಚಿತ್ರಾ ತೋರಸ್ರಿ. ಹಿಂದಿನ ಮೈದು,” ಅಂದೆ.

ಹಾಸಿನ ಎಳೆ ಹರಿದಾಗ ಕೂಡಿಸುವುದರಲ್ಲಿ ಒಬ್ಬೊಬ್ಬರದು ಒಂದೊಂದು ರೀತಿ. ನಾನು ಗಂಟು ಬಿಗಿಯುವವನು. ನಮ್ಮಾಕಿ ಬೆರಳಿಗೆ ಎಂಜಲು ಹಚ್ಚಿ ಎರಡು ಎಳೆ ಹೊಸೆದುಬಿಡುತ್ತಿದ್ದಳು. ‘ದೇವರಿಗೆ ಉಡಸೂ ಸೀರಿ, ಎಂಜಲಾ ಹಚ್ಚತೀ’ ಅಂತ ಬೈಯುತ್ತಿದ್ದೆ. ‘ದೇವಿನೂ ಹೆಂಗಸೇ, ಸುಮ್ಮನಿರ್ರಿ’ ಅನ್ನುತ್ತಿದ್ದಳು. ಪರದೆಯಲ್ಲಿ ನೋಡಿದೆವು. ಆರಂಭದ ಮುಕ್ಕಾಲು ಗಜದಲ್ಲಿ ನನ್ನ ಗಂಟು. ಸೆರಗಿನಲ್ಲಿ ನನ್ನ ಗಂಟು. ನಡುವೆ ಒಂದೇ ಒಂದು ಗಂಟಿಲ್ಲ, ಎಲ್ಲ ಹೊಸೆದವು.

ನಸ್ರೀನ್ ತಲೆ ಕೆರೆದುಕೊಂಡರು. “ತಪ್ಪು ನಂದೂ ಐತಿ ಕಾಕಾ. ಎರಡೂ ತುದಿ ನಡುವಿನದಕ್ಕ ಹೊಂದಲಿಲ್ಲ. ತುದಿ ಒರಟು ಇತ್ತು, ನಡು ಭಾಳ ಸಾಫ್ ಇತ್ತು. ತುದಿ ಕೆಟ್ಟದ್ದು ಅಂತ ಬಿಟ್ಟ ಬಿಟ್ಟಿವಿ.”

“ಆ ಒರಟ ಅಂದ್ರ ನಾನ ತಂಗಿ,” ಅಂದೆ.

ಇಬ್ಬರೂ ನಕ್ಕೆವು. ಆಮೇಲೆ ಅವರು ನಗು ನಿಲ್ಲಿಸಿ ಇನ್ನೊಂದು ಚಿತ್ರ ತೆರೆದರು. “ಇನ್ನೊಂದು ಬಿಟ್ಟಿದ್ವಿ. ಸೆರಗಿನ ಸನೇಕ ಬಂದಂಗ ಕಡೀ ಎರಡು ಮೊಳ ನೋಡ್ರಿ. ಹೊಸೆದದ್ದ ಐತಿ, ಅಂದ್ರ ಅವರದ. ಆದ್ರ ಎಡಗಾಲಿನ ಹೊಕ್ಕು ಪ್ರತಿಯೊಂದೂ ತಡಾ. ಕಾಲು ಒತ್ತಾಕ ಅಂಜೇದ. ನಿಮ್ಮ ಕಾಲು ಈಗ ಹೆಂಗ ಅಂಜತದೋ ಹಂಗ.”

“ಅಂದ್ರ?”

“ಅವರಿಗೂ ಕಾಲು ಸೆಳೀತಿತ್ತು ಕಾಕಾ. ಅವರ ಎತ್ತರ ಎಷ್ಟು?”

ನನ್ನ ಹೆಗಲ ಕೆಳಗೆ ಬರುತ್ತಿದ್ದಳು. ಕುಣಿ ಅಗೆದದ್ದು ನನ್ನ ಕಾಲಿನ ಅಳತೆಗೆ. ಹಲಗೆ ಮುಟ್ಟಲು ಆಕೆ ಅಂಚಿನಿಂದ ಜಾರಿ, ಬೆನ್ನು ಬಾಗಿಸಿ, ತುದಿಬೆರಳು ಚಾಚಬೇಕಿತ್ತು. ನನಗೆ ಎಲ್ಲ ನೆನಪಾಯಿತು, ಬೇಡ ಅಂದರೂ ನೆನಪಾಯಿತು. ಮದುವೆಯಾದ ಮೂರನೇ ವರ್ಷವೋ ನಾಲ್ಕನೆಯದೋ, ‘ಹಲಗಿ ನಾಲ್ಕು ಬೆರಳು ಮ್ಯಾಲ ಮಾಡಸ್ರಿ, ಕಾಲು ಸಾಲಂಗಿಲ್ಲ’ ಅಂದಿದ್ದಳು. ‘ನನ್ನ ಮೊಣಕಾಲು ಬಡೀತಾವ, ಬ್ಯಾಡ’ ಅಂದಿದ್ದೆ. ಮತ್ತೆ ಕೇಳಲಿಲ್ಲ. ಸಂಜೆ ಕಾಲು ಚಾಚಿ ಕೂತು ತನ್ನ ಮೀನಖಂಡವನ್ನು ತಾನೇ ತಿಕ್ಕಿಕೊಳ್ಳುತ್ತಿದ್ದಳು. ನಾನು ರೇಡಿಯೋ ಕೇಳುತ್ತಿದ್ದೆ.

ನಾನು ಬಾಯಿಬಿಟ್ಟು ಅತ್ತದ್ದು ಆಗ. ನಸ್ರೀನ್ ಎದ್ದು ನೀರು ತಂದುಕೊಟ್ಟರು.

“ಇದು ನಿಮ್ಮ ತಾಳಲ್ಲ ಅಂದ ಮ್ಯಾಲ ಬದಲ ಮಾಡಬೇಕು,” ಅಂದರು. “ಈಗ ಚಪ್ಪಿ ಹಿಡದದ. ಇನ್ನಾರು ತಿಂಗಳ ಬಿಟ್ರ ಮ್ಯಾಲಿನ ಡಿಸ್ಕ್ ಸರೀತದ. ತುದಿಯೊಳಗಿನ ನಿಮ್ಮ ತಾಳ ಹಾಕೋಣು. ಆದ್ರ ಅದು ಒಂದೂವರಿ ಗಜ ಅಷ್ಟ. ನೋವು ಹತ್ತರಾಗ ಆರು ಪಾಲು ಹೋದೀತು, ನಾಲ್ಕು ಉಳೀತದ. ನಡೀತೀರಿ, ಸ್ವಲ್ಪ ಮಗ್ಗಾನೂ ಆಡಸ್ತೀರಿ. ಆದ್ರ ಪೂರಾ ಹೋಗಂಗಿಲ್ಲ.”

“ಆಕೀದು ತೆಗದ್ರ ಆಕಿ ಸಪ್ಪಳಾನೂ ಹೋಗತದಲ್ಲ?”

“ಹೋಗತದ.”

ನೋವಿಲ್ಲದ ಕಾಲು ಬೇಕು ಅಂತ ಆರು ವರ್ಷ ಹರಕೆ ಹೊತ್ತವನು ನಾನು. ಈಗ ನೋವು ಮರಳಿ ಬರುತ್ತದೆ ಅನ್ನುವುದಕ್ಕಿಂತ, ಆ ಟಕ್ ಟಕ್ ನಿಲ್ಲುತ್ತದೆ ಅನ್ನುವುದೇ ಎದೆಗೆ ಚುಚ್ಚಿತು.

“ಒಂದು ಸೀರಿ ಆಗೂ ತನಕ ಬಿಡ್ರಿ ತಂಗಿ,” ಅಂದೆ. “ಒಂದು ಸೀರಿ ಅಷ್ಟ.”

ಅವರು ನಲವತ್ತೈದು ದಿನ ಕೊಟ್ಟರು. ಇಪ್ಪತ್ತು ನಿಮಿಷ ಕೂತರೆ ಇಪ್ಪತ್ತು ನಿಮಿಷ ನಡಿಗೆ. ದಿನಕ್ಕೆ ಎರಡು ಸಲ ಬೋರಲು ಮಲಗಿ ವ್ಯಾಯಾಮ. ಚಪ್ಪೆ ಹೆಚ್ಚು ಹಿಡಿದರೆ ಅವತ್ತೇ ಪಟ್ಟಿ ಬಿಚ್ಚಬೇಕು. ತುದಿಗಾಲ ಮೇಲೆ ಒತ್ತಡ ಬೀಳದ ಹಾಗೆ ಏನಾದರೂ ಉಪಾಯ ಮಾಡಬೇಕು.

ಉಪಾಯ ನನಗೆ ಗೊತ್ತಿತ್ತು. ಊರಿಗೆ ಬಂದು ಬಡಿಗೇರ ಮೌನೇಶನನ್ನು ಕರೆಸಿ ಕಾಲಿನ ಹಲಗೆಗಳನ್ನು ನಾಲ್ಕು ಬೆರಳು ಮೇಲೆತ್ತಿಸಿದೆ. ಆಕೆ ಕೇಳಿ ಮೂವತ್ತು ವರ್ಷದ ಮೇಲೆ. ಮೊಣಕಾಲು ಬಡಿಯಿತು, ಹೌದು. ಬಡಿಯಲಿ ಬಿಡು ಅಂದೆ.

ನಲವತ್ತೈದು ದಿನ ನಾನು ಆಕೆಯ ಕಾಲಿನಲ್ಲಿ ಬದುಕಿದೆ. ನೆಯ್ಯದ ಹೊತ್ತಿನಲ್ಲಿ ನಡೆಯುತ್ತಿದ್ದೆ, ಟಾಕಿ ದಾಟಿ, ಪೇಟೆ ದಾಟಿ. ಆ ಸಣ್ಣ ಸಣ್ಣ ಚುರುಕು ಹೆಜ್ಜೆ. ನಮ್ಮ ಕಡೆ ಗಂಡ ಮುಂದೆ, ಹೆಂಡತಿ ಹಿಂದೆ. ನಾನು ಉದ್ದ ಕಾಲು ಹಾಕಿ ಹೋಗಿಬಿಡುತ್ತಿದ್ದೆ, ತಿರುಗಿ ನೋಡುವ ಪದ್ಧತಿಯೇ ಇರಲಿಲ್ಲ. ಬನಶಂಕರಿಗೆ ಹೋದಾಗ, ಗಂಗಾ ಹೊಟ್ಟೆಯಲ್ಲಿದ್ದಾಗ, ಆಕೆಯ ಅವ್ವ ತೀರಿಕೊಂಡ ದಿನ ಬಸ್ಸಿಗೆ ಓಡಿದಾಗ, ಬೆನ್ನ ಹಿಂದೆ ಈ ಸಪ್ಪಳ ಬರುತ್ತಲೇ ಇತ್ತು. ಆಗ ಅದು ಸಪ್ಪಳವಾಗಿತ್ತು. ಈಗ ನನ್ನ ಕಾಲಿನೊಳಗೆ ಬಂದ ಮೇಲೆ ತಿಳಿಯಿತು, ಅದು ಓಟ.

ರಾಮಕ್ಕ ದಿನಾ ಬೆಳಿಗ್ಗೆ ಬಂದು ಕಟ್ಟೆಗೆ ಕೂಡುತ್ತಿದ್ದಳು. ಮಗ್ಗದ ಸಪ್ಪಳ ಕೇಳುತ್ತಿದ್ದಳು. ಒಮ್ಮೊಮ್ಮೆ ನಗುತ್ತಿದ್ದಳು. “ಈಗ ಉಸರ ತಗೊಂಡ್ಳು ನೋಡು,” ಅನ್ನುತ್ತಿದ್ದಳು. ಎಳೆ ಹರಿದಾಗ ನಾನು ಬೆರಳಿಗೆ ಎಂಜಲು ಹಚ್ಚಿ ಹೊಸೆದೆ. ಗಂಟು ಹಾಕಲಿಲ್ಲ.

ನಡುವೆ ಒಂದು ದಿನ ಗಂಗಾನ ಜೊತೆ ಸಂಘಕ್ಕೆ ಹೋಗಿ, ಕಪಾಟಿನ ಚೀಟಿ ಬದಲಾಯಿಸಿ ಅಂದೆ. ಕಾರ್ಯದರ್ಶಿ ಪೆನ್ನು ಹಿಡಿದು, “ಯಾರ ಹೆಸರು ಬರೀಲಿ?” ಅಂದ. ನಾನು ಗಂಗಾನ ಕಡೆ ಬೆರಳು ಮಾಡಿದೆ. “ಇವಳ ಅವ್ವಂದು,” ಅಂದೆ. ಅವನು ನಕ್ಕ. ಗಂಗಾ ಮುಂದೆ ಬಂದು ಅವನ ಕೈಯಿಂದ ಪೆನ್ನು ತೆಗೆದುಕೊಂಡು ತಾನೇ ಬರೆದಳು. ಬರುವಾಗ ದಾರಿಯುದ್ದಕ್ಕೂ ನನ್ನನ್ನು ಬಿಟ್ಟು ಮುಂದೆ ಮುಂದೆ ನಡೆದಳು.

ನಲವತ್ತಮೂರನೇ ದಿನ ಸೀರೆ ಮಗ್ಗದಿಂದ ಇಳಿಯಿತು. ದಾಳಿಂಬೆ ಒಡಲು. ಸೆರಗನ್ನೂ ಆಕೆಯ ತಾಳದಲ್ಲೇ ಹಾಕಿದ್ದೆ. ಮಡಚಿ, ಎದೆಗೆ ಅವಚಿಕೊಂಡು ಹುಬ್ಬಳ್ಳಿಗೆ ಹೊರಟೆ. ರಾಮಕ್ಕ ಬಾಗಿಲ ತನಕ ಬಂದು ಸೀರೆಯನ್ನು ಮುಟ್ಟಿ ನೋಡಿದಳು. “ಹೋಗಿ ಬಾ ತಂಗಿ,” ಅಂದಳು. ನನಗೆ ಹೇಳಿದ್ದಲ್ಲ.

ನಸ್ರೀನ್ ಸೀರೆಯನ್ನು ಗಾಜಿನ ಮೇಲೆ ಹಾಸಿದರು. ತುದಿಯಿಂದ ತುದಿಗೆ ಚಿತ್ರ ತೆಗೆದು, ಮೊದಲಿನಿಂದ ಕೊನೆ ತನಕ ಎಣಿಸಿ ನೋಡಿದರು; ಯಂತ್ರಕ್ಕೆ ಹಾದಿ ತಿಳಿದಿತ್ತು, ಈ ಸಲ ಎರಡು ವಾರ ಹಿಡಿಯಲಿಲ್ಲ.

“ಎಡಗಾಲು ಎಲ್ಲೂ ತಡಾ ಆಗಿಲ್ಲ ಕಾಕಾ. ಕಡೀತನಕ ಸಮಾ ಐತಿ.”

ಅದು ಪಟ್ಟಿಯ ಗುಣ ಅಂತ ನನಗೂ ಗೊತ್ತು, ಅವರಿಗೂ ಗೊತ್ತು. ಆದರೂ ಇನ್ನೊಮ್ಮೆ ಹೇಳಿ ಅಂದೆ. ಇನ್ನೊಮ್ಮೆ ಹೇಳಿದರು. ಎಂಟು ಗಜ, ಹದಿನೇಳು ಸಾವಿರ ಹೆಜ್ಜೆ, ಎಲ್ಲೂ ಕಾಲು ಸೆಳೆದಿಲ್ಲ.

“ಇದನ್ನ ಬ್ಯಾರೆ ಕಡತದಾಗ ಇಡತೀನಿ. ಹಳೇದರ ಮ್ಯಾಲ ನಿಮ್ಮ ಹೆಸರಿತ್ತು, ತೆಗದೀನಿ. ಇವರ ಹೆಸರು ಹೇಳ್ರಿ.”

ಗಂಗಾ ಬಾಯಿ ತೆರೆದಳು. ನಾನು ಅವಳ ಕೈ ಹಿಡಿದು ತಡೆದೆ. ಮದುವೆಯ ದಿನದ ಹಾಗೆ ನೆಲ ನೋಡಬೇಕು ಅನ್ನಿಸಿತು, ನೋಡಲಿಲ್ಲ.

“ಶಾಕಂಬರಿ,” ಅಂದೆ. ದನಿ ಸಣ್ಣದಾಯಿತು ಅನ್ನಿಸಿ, ಮತ್ತೆ ಗಟ್ಟಿಯಾಗಿ ಹೇಳಿದೆ. “ಶಾಕಂಬರಿ ಅಂತ. ನೇಕಾರ್ತಿ.”

ಆಮೇಲೆ ಪಟ್ಟಿಗೆ ನನ್ನ ತಾಳ ತುಂಬಿದರು. ಎದ್ದು ನಿಂತೆ. ಎಡ ಮೀನಖಂಡದಲ್ಲಿ ಆ ಹಳೆಯ ಸೆಳೆತ, ಮೊದಲಿನಷ್ಟಲ್ಲ, ಆದರೆ ಇತ್ತು. ವರಾಂಡದಲ್ಲಿ ನಡೆದೆ. ಉದ್ದುದ್ದ ಹೆಜ್ಜೆ, ಧಡ್, ಧಡ್. ನನ್ನದೇ. ಹತ್ತು ಹೆಜ್ಜೆಗೆ ಅರ್ಧ ವರಾಂಡ ಮುಗಿಯಿತು. ಗಂಗಾ ಚೀಲ ಎತ್ತಿಕೊಂಡು ಹಿಂದೆ ಬರುತ್ತಿದ್ದಳು. ನಾನು ನಿಂತೆ.

“ಯಾಕ ನಿಂತಿ ಅಪ್ಪಾ? ನೋವಾತೇನು?”

“ನೋವು ಇರ್ಲಿ. ನೀ ಬಾ ಸಾವಕಾಶ,” ಅಂದೆ. ತಿರುಗಿ ಅವಳ ಕಡೆ ನೋಡುತ್ತ, ಅವಳು ಬಂದು ಪಕ್ಕಕ್ಕೆ ನಿಲ್ಲುವ ತನಕ ಅಲ್ಲೇ ನಿಂತಿದ್ದೆ.